ಕೋದಂಡರಾಮಪ್ಪನವರ ಮುಖದ ಚಕ್ಕುಬಂದಿ

"ಇವತ್ತಿನಿಂದ ನನ್ನ ಒಂದೇ ಒಂದು ಕೂದಲಿನ ಮಾಹಿತೀನೂ ಇಂಟರ್‌ನೆಟ್‌ಗೆ ಹೋಗಕೂಡದು!"

ಶ್ರೀನಿವಾಸಪುರದ ದಸ್ತಾವೇಜು ಬರಹಗಾರ ಕೋದಂಡರಾಮಪ್ಪನವರು ಒಂದು ಸೋಮವಾರ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಬಳಿ ನಿಂತು ಹೀಗೆ ಘೋಷಿಸಿದರು. ಎಡಗೈಯಲ್ಲಿ ಪತ್ರಿಕೆ, ಬಲಗೈಯಲ್ಲಿ ಫೋನು. ಮೂರನೆಯ ಕೈ ಇದ್ದಿದ್ದರೆ ಅದರಲ್ಲಿ ಸಂವಿಧಾನವನ್ನೇ ಹಿಡಿದಿರುತ್ತಿದ್ದರು!

ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಹೆಂಡತಿ ಸುನಂದ ತಲೆ ಎತ್ತಲಿಲ್ಲ. "ಇರೋದೇ ಹನ್ನೆರಡು ಕೂದಲು. ಒಂದು ಕಳೆದೋದ್ರೂ ಗೊತ್ತಾಗುತ್ತೆ ಬಿಡಿ."

"ತಮಾಷೆ ಅಲ್ಲ ಕಣೇ! ಈಗ ಮುಖವನ್ನೇ ಕದೀತಾರಂತೆ. ಕಂಪ್ಯೂಟರಿಗೆ ಒಂದು ಫೋಟೊ ಕೊಟ್ರೆ ಸಾಕು, ನೀನು ಆಡದ ಮಾತನ್ನ ನಿನ್ನ ಬಾಯಲ್ಲೇ ಆಡಿಸುತ್ತೆ."

"ಅದಕ್ಕೆ ಕಂಪ್ಯೂಟರ್ ಯಾಕೆ? ನಿಮ್ಮಕ್ಕ ಮೂವತ್ತು ವರ್ಷದಿಂದ ಅದನ್ನೇ ಮಾಡ್ತಿಲ್ವಾ?"

ಕೋದಂಡರಾಮಪ್ಪನವರು ಆ ಸುದ್ದಿಯನ್ನು ಆಗಲೇ ಫೋನಿನಲ್ಲಿ ಟೈಪ್ ಮಾಡತೊಡಗಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಇಪ್ಪತ್ತೆಂಟು ವರ್ಷದಿಂದ ಮೇಜು ಹಾಕಿಕೊಂಡು ಕೂತಿರುವ ಅವರಿಗೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದು ಬರೀ ಹೊಟ್ಟೆಪಾಡು. ತಂತ್ರಜ್ಞಾನದ ಸುದ್ದಿ ಓದಿ, ಅದಕ್ಕೆ ಕಾನೂನಿನ ಒಗ್ಗರಣೆ ಹಾಕಿ, ಲೋಕಕ್ಕೆ ಬಡಿಸುವುದೇ ಅವರ ನಿಜವಾದ ಕಸುಬು! "ವೆಬ್‌ಸೈಟು 'ಕುಕೀಸ್ ಬೇಕೇ' ಎಂದು ಕೇಳಿದರೆ ಮರುಳಾಗದಿರಿ. ಅವರು ಬಿಸ್ಕತ್ತು ಕೊಡುವುದಿಲ್ಲ, ನಿಮ್ಮ ಡಬ್ಬ ಖಾಲಿ ಮಾಡುತ್ತಾರೆ" ಎಂಬಂಥ ಸಂದೇಶಗಳು ದಿನಕ್ಕೆ ನಲವತ್ತರಂತೆ ಅವರ ಫೋನಿನಿಂದ ಹೊರಡುತ್ತಿದ್ದವು. ಮೊದಲು ಹೆಂಡತಿ ಮತ್ತು ಮಗಳು ಶ್ವೇತ ಇರುವ "ನಮ್ಮನೆ" ಗುಂಪಿಗೆ. ಆಮೇಲೆ ಅಲ್ಲಿಂದಲೇ ಐದಾರನ್ನು ಒಟ್ಟಿಗೆ ಒತ್ತಿ ಹಿಡಿದು, ಸ್ನೇಹಿತರಿಗೆ, ಬಂಧುಗಳಿಗೆ, ಕಕ್ಷಿದಾರರಿಗೆ ಕಂತೆ ಕಂತೆಯಾಗಿ ರವಾನೆ.

ಘೋಷಣೆಯಾದ ಮೂರನೆಯ ದಿನವೇ ಅನಾಹುತವಾಯಿತು.

ಜಮೀನಿನ ಪತ್ರ ಬರೆಸಲು ಬಂದ ಅಶ್ವತ್ಥಪ್ಪ ಎಂಬ ರೈತರು ಕೋದಂಡರಾಮಪ್ಪನವರನ್ನು ಒಮ್ಮೆ, ತಮ್ಮ ಫೋನನ್ನು ಒಮ್ಮೆ ನೋಡಿ ಕಿಸಕ್ಕೆಂದು ನಕ್ಕರು.

"ಏನ್ರೀ ಅದು?"

"ಏನಿಲ್ಲ ಸ್ವಾಮಿ. ಟಮಾಟ ರೇಟ್ ಸ್ವಾಮಿ ನೀವೇ ಅಲ್ವರಾ?"

ಫೋನಿನಲ್ಲಿ ಒಂದು ಸ್ಟಿಕರ್ ಇತ್ತು. ಸ್ಟಿಕರ್ ಎಂದರೆ ಮಾತಿನ ಬದಲು ಕಳಿಸುವ ಪುಟ್ಟ ಚಿತ್ರ. ಆ ಚಿತ್ರದಲ್ಲಿ ಒಂದು ತಲೆ. ಅರ್ಧ ಮುಚ್ಚಿದ ಕಣ್ಣು, ಆಕಾಶ ನೋಡುವ ಮೂಗು, ಗೂಡ್ಸ್ ರೈಲು ಹೊಕ್ಕು ಹೊರಡಬಹುದಾದಷ್ಟು ತೆರೆದ ಬಾಯಿ. ಸೀನು ಬಂತು ಬಂತು ಎನ್ನುವಷ್ಟರಲ್ಲಿ ಹಿಡಿದ ಮುಖ! ಕೆಳಗೆ ದಪ್ಪಕ್ಷರದಲ್ಲಿ "ಅಬ್ಬಬ್ಬಾ!" ಮುಖ ಯಾರದ್ದೆಂದು ಕೇಳುವ ಹಾಗೇ ಇರಲಿಲ್ಲ. ಅದನ್ನು ಅವರು ಐವತ್ತೇಳು ವರ್ಷದಿಂದ ಕನ್ನಡಿಯಲ್ಲಿ ನೋಡುತ್ತ ಬಂದಿದ್ದರು.

"ರೇಟ್ ಏರಿದ್ರೂ ಇದೇ, ಇಳಿದ್ರೂ ಇದೇ ಸ್ವಾಮಿ," ಅಶ್ವತ್ಥಪ್ಪ ಭಕ್ತಿಯಿಂದ ವಿವರಿಸಿದರು. "ಕೋಲಾರದ ಮಂಡಿ ಅಮರನಾಥಪ್ಪೋರು ದಿನಾ ರೇಟ್ ಜೊತೆ ಕಳಿಸ್ತಾರೆ. ಮುಳಬಾಗಿಲು, ಮಾಲೂರು ಎಲ್ಲಾ ಕಡೆ ನಿಮ್ಮ ಮುಖಾನೇ!"

ಅಮರನಾಥ್! ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳೆಯ. ಈಗ ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಮಂಡಿಯ ಮಾಲೀಕ. ನೂರಾರು ರೈತರ ವಾಟ್ಸಾಪ್ ಗುಂಪಿನ ಒಡೆಯ. ಕೋದಂಡರಾಮಪ್ಪನವರ ರಕ್ತ ಟೊಮೆಟೊ ಸಾರಿನಂತೆ ಕುದಿಯಿತು.

ನೇರವಾಗಿ ಪಕ್ಕದ ತಾಜ್ ಪಾಷಾರ ಮೊಬೈಲ್ ಅಂಗಡಿಗೆ ನುಗ್ಗಿದರು. "ಪಾಷಾ, ಈ ಸ್ಟಿಕರಿನ ಮೂಲ ಎಲ್ಲಿಂದ ಅಂತ ಹುಡುಕಿಕೊಡಪ್ಪ."

ತಾಜ್ ಪಾಷಾ ಸ್ಟಿಕರ್ ನೋಡಿ, ಕೆಮ್ಮಿನ ನೆಪದಲ್ಲಿ ನಗು ನುಂಗಿಕೊಂಡರು. "ಸಾರ್, ಇದೇನು ಜಮೀನಾ, ಸರ್ವೆ ನಂಬರ್ ಇರೋಕೆ? ಇದಕ್ಕೆ ಮೂಲ ಪತ್ರ, ಕೈ ಬದಲಾವಣೆ, ಏನೂ ಇರಲ್ಲ. ಗಾಳಿ ಇದ್ದಂಗೆ. ನಾನೂ ಎಷ್ಟೋ ಜನಕ್ಕೆ..." ಎಂದವರು ತಟ್ಟನೆ ನಿಲ್ಲಿಸಿ, "ನೋಡಿದೀನಿ ಅಂತ ಹೇಳ್ತಿದ್ದೆ," ಎಂದರು.

"ಮೂಲ ಸಿಗದಿದ್ರೆ ಏನಂತೆ! ಈಗ ಅದನ್ನ ಅನುಭವಿಸ್ತಿರೋ ಆ ಅಮರನ ಮೇಲೇ ಕೇಸ್ ಹಾಕ್ತೀನಿ!" ಎಂದು ಕೋದಂಡರಾಮಪ್ಪನವರು ಮನೆಯ ಕಡೆ ಬಿರಬಿರನೆ ನಡೆದರು.

ಆ ಸಂಜೆ ಅವರ ಬದುಕಿನ ಮಹೋನ್ನತ ದಸ್ತಾವೇಜು ಸಿದ್ಧವಾಗತೊಡಗಿತು. ಸುನಂದ ಕಾಫಿ ತಂದಿಟ್ಟು, "ಏನ್ರೀ ಬರೀತಿದ್ದೀರ? ಯಾರ ಜಮೀನು?" ಎಂದು ಕೇಳಿದರು.

"ನನ್ನ ಮುಖದ್ದು. ಒತ್ತುವರಿ ಆಗಿದೆ. ಕೇಳು: 'ಷೆಡ್ಯೂಲು ಸ್ವತ್ತಿನ ಚಕ್ಕುಬಂದಿ. ಪೂರ್ವಕ್ಕೆ ಎಡಗಿವಿ, ಪಶ್ಚಿಮಕ್ಕೆ ಬಲಗಿವಿ, ಉತ್ತರಕ್ಕೆ ಬೋಳುತಲೆಯ ಗೋಮಾಳ, ದಕ್ಷಿಣಕ್ಕೆ ಎರಡು ಮಜಲಿನ ಗದ್ದ. ಈ ಮಧ್ಯೆ ಇರುವ ಮೂಗು, ಮೀಸೆ, ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಹಿತ...'"

"ಮುಖದಲ್ಲಿ ಜಲ ಎಲ್ಲಿಂದ ಬಂತು?"

"ನೆಗಡಿ ಆದಾಗ ನೋಡು!"

"ಅದಿರ್ಲಿ, ನೀವು ಆ ಕಡೆ ತಿರುಗಿ ಕೂತ್ರೆ ಪೂರ್ವ ಪಶ್ಚಿಮ ಅದಲುಬದಲಾಗಲ್ವಾ?"

ಕೋದಂಡರಾಮಪ್ಪನವರ ಲೇಖನಿ ನಿಂತಿತು. ಇಪ್ಪತ್ತೆಂಟು ವರ್ಷದ ಅನುಭವದಲ್ಲಿ ತಿರುಗಿ ಕೂರುವ ಸ್ವತ್ತು ಅವರಿಗೆ ಎಂದೂ ಎದುರಾಗಿರಲಿಲ್ಲ. ಕೊನೆಗೆ, "'ಸದರಿ ಮುಖವು ಉತ್ತರಕ್ಕೆ ತಲೆ ಹಾಕಿ ಅಂಗಾತ ಮಲಗಿರುವ ಸ್ಥಿತಿಯಲ್ಲಿ' ಅಂತ ಸೇರಿಸ್ತೀನಿ," ಎಂದರು.

"ಬಿಡ್ತು ಅನ್ನಿ! ಉತ್ತರಕ್ಕೆ ತಲೆ ಹಾಕಿ ಮಲಗ್ತಾರೇನ್ರೀ? ಅಷ್ಟಕ್ಕೂ ಯಾರಿಗಿದು?"

ಅವರು ಅಶ್ವತ್ಥಪ್ಪನವರಿಂದ ಕಳಿಸಿಕೊಂಡಿದ್ದ ಸ್ಟಿಕರನ್ನು ಹೆಂಡತಿಯ ಮುಂದೆ ಹಿಡಿದರು. ಸುನಂದರ ಮುಖ ಬಿಳಿಚಿತು. ಮೂಲೆಯಲ್ಲಿ ಓದುತ್ತ ಕೂತಿದ್ದ ಶ್ವೇತ ಪುಸ್ತಕವನ್ನು ಮೂಗಿನವರೆಗೆ ಏರಿಸಿಕೊಂಡಳು.

"ರೀ... ಹೋಗ್ಲಿ ಬಿಡ್ರಿ. ಅದು ಏನಾಯ್ತು ಅಂದ್ರೆ..."

"ಕರುಣೆ ಬೇಡ ಸುನಂದ!"

"ಕರುಣೆ ಅಲ್ಲ, ನಾನು ಹೇಳೋದು ಸ್ವಲ್ಪ..."

"ಮಾಹಿತಿ ರಕ್ಷಣೆಗೆ ಹೊಸ ಕಾನೂನು ಬಂದಿದೆ. ನನ್ನ ಒಪ್ಪಿಗೆ ಇಲ್ಲದೆ ನನ್ನ ಬಾಯಿ ಯಾರೂ ತೆರೆಯೋ ಹಾಗಿಲ್ಲ! ಮಧ್ಯೆ ನೀನು ಬಾಯಿ ಹಾಕಬೇಡ!"

ಸುನಂದ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಮರುದಿನ ಬೆಳಿಗ್ಗೆ ನೋಟಿಸು ಸ್ಪೀಡ್ ಪೋಸ್ಟಿನಲ್ಲಿ ಕೋಲಾರಕ್ಕೆ ಹೊರಟಿತು. ಏಳು ದಿನದೊಳಗೆ ಸ್ಟಿಕರ್ ಅಳಿಸಿ ಲಿಖಿತ ಕ್ಷಮಾಪಣೆ ಕೊಡತಕ್ಕದ್ದು, ತಪ್ಪಿದಲ್ಲಿ ಮುಖಭಂಗಕ್ಕಾಗಿ ದಾವಾ ಹೂಡಲಾಗುವುದು! ಕೋದಂಡರಾಮಪ್ಪನವರು ಮೀಸೆ ತಿರುವಿಕೊಂಡರು. ಅಂದು ಅವರ ಸಂದೇಶಗಳ ಸಂಖ್ಯೆ ಐವತ್ತೆರಡಕ್ಕೆ ಏರಿತು.

ಶನಿವಾರ ಫೋನು ಬಂತು.

"ಲೇ ಕೋದಂಡ! ಏನ್ಲಾ ಇದು?"

"ನೋಟಿಸು. ಕಾನೂನು ಪ್ರಕಾರ ಉತ್ತರ ಕೊಡತಕ್ಕದ್ದು."

"ಹರಾಜು ನಡೀತಿತ್ತು ಕಣಲೇ. ಮಂಡಿ ತುಂಬಾ ಜನ. ಪೋಸ್ಟ್‌ಮ್ಯಾನ್ ಬಂದು ಸೈನ್ ಹಾಕಿಸ್ಕೊಂಡ. ಜಪ್ತಿ ನೋಟಿಸೇನೋ ಅಂತ ರೈತರೆಲ್ಲ ಬಾಕ್ಸ್ ವಾಪಸ್ ಲಾರಿಗೆ ಏರಿಸ್ತಾವ್ರೆ!" ಅಮರನಾಥ್ ಉಸಿರು ಎಳೆದುಕೊಂಡರು. ಆಮೇಲಿನ ದನಿ ಬೇರೆಯಾಗಿತ್ತು. "ಫೋನ್ ಮಾಡಿ ಬೈದಿದ್ರೆ ಬೈಸ್ಕೋತಿದ್ದೆ. 'ಸದರಿ ಅಮರನಾಥ್ ಬಿನ್ ವೆಂಕಟಪ್ಪ' ಅಂತ ಬರೆದಿದೀಯಲ್ಲೋ. ನಮ್ಮಪ್ಪನ ಕೈಲಿ ಎಷ್ಟು ಸಲ ಊಟ ಮಾಡಿದೀಯೋ ನೀನು?"

ಊಟದ ಮಾತು ಕೋದಂಡರಾಮಪ್ಪನವರಿಗೆ ತಾಕಿತು. ಆದರೂ ಕಾನೂನು ಬಿಡಲಿಲ್ಲ. "ನನ್ನ ಮುಖ ಯಾಕೆ ಹಂಚಿದೆ?"

"ನೀನೇ ಕಳಿಸಿದ್ದಲ್ಲೋ!"

"ನಾನಾ? ಸುಳ್ಳು!"

"ಯುಗಾದಿ ಆದ್ಮೇಲೆ, ಒಂದು ಭಾನುವಾರ. ತೆಗೆದು ನೋಡು. ಅದನ್ನ ನೋಡಿ ನಾನು ಎಷ್ಟು ಖುಷಿಪಟ್ಟೆ ಗೊತ್ತಾ? ಉಪದೇಶ ಮಾಡೋದು ಬಿಟ್ಟು ಬೇರೇನೂ ಗೊತ್ತಿಲ್ಲ ಅನ್ಕೊಂಡಿದ್ದ ನನ್ನ ಫ್ರೆಂಡು ತನ್ನ ಮುಖಾನೇ ತಮಾಷೆ ಮಾಡಿ ಕಳಿಸವ್ನೆ, ದೊಡ್ಡ ಮನಸ್ಸು ಅಂತ ಎಲ್ಲರಿಗೂ ಹೇಳ್ಕೊಂಡು ಹಂಚಿದೆ. ಹೋಗಲಿ ಬಿಡು. ಇನ್ಮೇಲೆ ನಿನ್ನ ಮೇಜಿನ ಹತ್ರ ನಾನು ಕಾಲಿಡಲ್ಲ." ಫೋನು ಕಟ್ಟಾಯಿತು.

ಕೋದಂಡರಾಮಪ್ಪನವರು ಗೆಳೆಯನಿಗೆ ಕಳಿಸಿದ ಸಂದೇಶಗಳನ್ನು ಹಿಂದಕ್ಕೆ ಹಿಂದಕ್ಕೆ ಜರುಗಿಸಿದರು. ಸಿಕ್ಕಿತು! "ಆಧಾರ್ ಪ್ರತಿಯನ್ನು ಕಂಡವರಿಗೆ ಕೊಡಬೇಡಿ" ಎಂಬ ಎಚ್ಚರಿಕೆಗೂ "ನಿಮ್ಮ ಮುಖವೇ ನಿಮ್ಮ ಪಾಸ್‌ವರ್ಡ್, ಜೋಪಾನ!" ಎಂಬ ಎಚ್ಚರಿಕೆಗೂ ನಡುವೆ, ಜೋಪಾನವಾಗಿ, ಬಾಯಿ ತೆರೆದುಕೊಂಡು ಅವರೇ ಕೂತಿದ್ದರು. ಅದೇ ಕಂತೆ ಅಂದು ಅಮರನಾಥರಿಗೆ ಮಾತ್ರವಲ್ಲ, ಇನ್ನೂ ನಾಲ್ಕು ಗುಂಪಿಗೆ ಹೋಗಿತ್ತು. ಅವುಗಳಲ್ಲಿ ಒಂದರಲ್ಲಿ ತಾಜ್ ಪಾಷಾ ಕೂಡ ಇದ್ದರು.

"ಸುನಂದಾ!"

ಸುನಂದ ಬಂದರು. ಈ ಬಾರಿ ತಡವರಿಸಲಿಲ್ಲ.

"ಹೂಂ, ನಾನೇ ತೆಗೆದಿದ್ದು. ಹುಳಿಪುಡಿಗೆ ಮೆಣಸಿನಕಾಯಿ ಹುರೀತಿದ್ದೆ. ನೀವು ಬಾಗಿಲಲ್ಲಿ ನಿಂತು ಕುಕೀಸ್ ಅಂತ ಭಾಷಣ ಮಾಡ್ತಿದ್ರಿ. ಘಾಟು ಮೂಗಿಗೆ ಹೋಯ್ತು. ಕ್ಲಿಕ್ ಅನ್ನಿಸ್ದೆ. ಸ್ಟಿಕರ್ ಮಾಡಿದ್ದು ಶ್ವೇತ."

"ಯಾಕೆ ಸುನಂದ, ಯಾಕೆ?"

"ದಿನಕ್ಕೆ ನಲವತ್ತು ಕಳಿಸ್ತೀರ. ಉತ್ತರ ಹಾಕದಿದ್ರೆ ಊಟಕ್ಕೆ ಕೂತಾಗ ಮುನಿಸ್ಕೋತೀರ. ನಲವತ್ತಕ್ಕೂ ಟೈಪ್ ಮಾಡ್ತಾ ಕೂತ್ರೆ ಅನ್ನ ಯಾರು ಮಾಡ್ತಾರೆ? ಅದಕ್ಕೇ ಎಲ್ಲದಕ್ಕೂ ಒಂದೇ ಉತ್ತರ ಮಾಡಿಕೊಂಡ್ವಿ. 'ಅಬ್ಬಬ್ಬಾ!' ನೀವು ಕಳಿಸಿದ ಕೆಳಗೇ ಅದನ್ನ ಹಾಕ್ತಿದ್ವಿ. ಕಂತೆ ಕಟ್ಟುವಾಗ ಅದೂ ಸೇರಿ ಒತ್ತಿದೀರ."

"ಹಾಗಾದ್ರೆ ಇದು ನಮ್ಮನೆ ಗುಂಪಲ್ಲಿ ಮೊದಲಿಂದ ಇತ್ತಾ? ನನ್ನ ಕಣ್ಣಿಗೆ ಬೀಳಲಿಲ್ವಲ್ಲ!"

ಶ್ವೇತ ಪುಸ್ತಕದ ಹಿಂದಿನಿಂದ ಮೆಲ್ಲಗೆ ಹೇಳಿದಳು: "ಸಾವಿರದ ಎಂಟುನೂರು ಸಲ ಇದೆ ಅಪ್ಪ. ಪ್ರತಿ ಸಲಾನೂ ನೀವು 'ಧನ್ಯವಾದಗಳು' ಅಂತ ಹಾಕಿದೀರ."

ಕೋದಂಡರಾಮಪ್ಪನವರು "ನಮ್ಮನೆ" ಗುಂಪು ತೆರೆದು ನೋಡಿದರು. ಹೌದು. ಉತ್ತರ ಬಂದರೆ ಸಾಕು, ಏನು ಉತ್ತರ ಬಂತೆಂದು ಅವರು ಎಂದೂ ನೋಡಿರಲಿಲ್ಲ! ಮುಖ ಅವರದು, ಬಾಯಿ ತೆರೆದದ್ದು ಅವರು, ಲೋಕಕ್ಕೆ ಹಂಚಿದ್ದೂ ಅವರು. ಕಾನೂನಿನ ಯಾವ ಕಲಂ ತಿರುವಿದರೂ ಆರೋಪಿ ಒಬ್ಬನೇ. ದಾವಾ ಹೂಡುವುದಾದರೆ ಕಟಕಟೆಯಲ್ಲಿ ಇವರೇ ನಿಂತು, ಎದುರಿಗೂ ಇವರೇ ನಿಂತು, ಮಧ್ಯಾಹ್ನದ ಊಟದ ಹೊತ್ತಿಗೆ ರಾಜಿಯಾಗಬೇಕಿತ್ತು.

ಆದರೆ ಅಂದು ಅವರನ್ನು ಹೆಚ್ಚು ಕಾಡಿದ್ದು ಕಾನೂನಲ್ಲ. "ತನ್ನ ಮುಖಾನೇ ತಮಾಷೆ ಮಾಡಿ ಕಳಿಸವ್ನೆ" ಎಂದು ಹೆಮ್ಮೆಪಟ್ಟ ಗೆಳೆಯನ ದನಿ. ಇಲ್ಲದ ದೊಡ್ಡ ಮನಸ್ಸನ್ನು ಇದೆಯೆಂದು ನಂಬಿದವನಿಗೇ ನೋಟಿಸು ಹೋಗಿತ್ತು. ಅಂದು ಅವರು ಒಂದೂ ಸಂದೇಶ ಕಳಿಸಲಿಲ್ಲ. ಜ್ವರ ಬಂದಿರಬೇಕೆಂದು ಸುನಂದ ಹಣೆ ಮುಟ್ಟಿ ನೋಡಿದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕೋಲಾರ. ಮಂಡಿಯಲ್ಲಿ ಎಲ್ಲಿ ನೋಡಿದರೂ ಕೆಂಪು ಕೆಂಪು ಬಾಕ್ಸುಗಳ ಗೋಡೆ, ಹರಾಜಿನ ಕೂಗು. ಅಮರನಾಥ್ ಇವರನ್ನು ಕಂಡೂ ಕಾಣದವರಂತೆ ಬಾಕ್ಸ್ ಎಣಿಸತೊಡಗಿದರು.

"ಅಮರ, ತಪ್ಪಾಯ್ತು ಕಣೋ." ಬಸ್ಸಿನಲ್ಲಿ ಸಿದ್ಧಪಡಿಸಿಕೊಂಡಿದ್ದ ಸದರಿ, ತತ್ಸಂಬಂಧ, ಮೇಲ್ಕಂಡ ಎಲ್ಲವೂ ಮರೆತುಹೋಗಿದ್ದವು. "ನಾನೇ ಕಳಿಸಿದ್ದು. ನೋಡದೆ ಕಳಿಸ್ದೆ. ನೀನು ಅಂದ್ಕೊಂಡ ಹಾಗೆ ದೊಡ್ಡ ಮನಸ್ಸು ಏನಲ್ಲ. ಹೆಬ್ಬೆರಳು ದಪ್ಪ, ಅಷ್ಟೇ."

ಅಮರನಾಥ್ ಎಣಿಕೆ ನಿಲ್ಲಿಸಿದರು. ತುಟಿ ಬಿಗಿಹಿಡಿದು ನೋಡಿದರು. ಹಿಡಿತ ತಪ್ಪಿತು. ಹೊಟ್ಟೆ ಕುಣಿಯುವಂತೆ ನಗು ಹೊರಬಂತು.

"ಉತ್ತರಕ್ಕೆ ಗೋಮಾಳ! ಲೇ, ರಾತ್ರಿ ನಮ್ಮನೆಯೋಳಿಗೆ ಓದಿ ಹೇಳ್ದೆ, ನಕ್ಕೂ ನಕ್ಕೂ ಅವಳಿಗೆ ಊಟ ಮಾಡೋಕೇ ಆಗ್ಲಿಲ್ಲ. ಬಾ, ಕಾಫಿ ಕುಡಿ. ಸ್ಟಿಕರ್ ಅಳಿಸಿಬಿಡ್ಲಾ?"

ಕೋದಂಡರಾಮಪ್ಪನವರು ಸುತ್ತ ನೋಡಿದರು. ಒಬ್ಬಿಬ್ಬರು ಆಗಲೇ ಇವರತ್ತ ನೋಡಿ ಪಿಸುಗುಡುತ್ತಿದ್ದರು. ಯಾಕೋ ಎದೆ ಸ್ವಲ್ಪ ಉಬ್ಬಿತು. "ಇರಲಿ ಬಿಡು. ಜನಕ್ಕೆ ಉಪಯೋಗ ಆಗ್ತಿದೆಯಲ್ಲ," ಎಂದರು, ದಾನಪತ್ರಕ್ಕೆ ರುಜು ಹಾಕುವ ಜಮೀನ್ದಾರರ ಗತ್ತಿನಲ್ಲಿ.

"ಹಂಗಾದ್ರೆ ಬಾ, ಎಲ್ಲರಿಗೂ ತೋರಿಸ್ತೀನಿ. ದೊಡ್ಡಮುನಿಯಮ್ಮ, ಇಲ್ಲಿ ನೋಡಮ್ಮ! ಸ್ಟಿಕರ್‌ನಲ್ಲಿ ಬರ್ತಾರಲ್ಲ, ಅವರೇ ಇವರು!"

ತಾಯಲೂರಿನಿಂದ ಟೊಮೆಟೊ ತಂದಿದ್ದ ದೊಡ್ಡಮುನಿಯಮ್ಮ ಎದ್ದು ಬಂದರು. ಸೊಂಟದ ಚೀಲದಿಂದ ಫೋನು ತೆಗೆದು, ಸ್ಟಿಕರನ್ನು ಕೋದಂಡರಾಮಪ್ಪನವರ ಕೆನ್ನೆಯ ಪಕ್ಕ ಹಿಡಿದು, ಹಣ್ಣು ಆರಿಸುವಷ್ಟು ನಿಧಾನವಾಗಿ ಪರಿಶೀಲಿಸಿದರು. ಕೋದಂಡರಾಮಪ್ಪನವರು ಗಂಭೀರವಾಗಿ ಮುಗುಳ್ನಕ್ಕರು.

"ಕಾದು, ಕಾದು. ಈಯನ ಕಾದು," ದೊಡ್ಡಮುನಿಯಮ್ಮ ತೆಲುಗಿನಲ್ಲಿ ತಲೆಯಾಡಿಸಿ, ಆಮೇಲೆ ಕನ್ನಡಕ್ಕೆ ಇಳಿದರು. "ಇವರಲ್ಲ ಬಿಡಪ್ಪ."

"ನಾನೇ ಕಣಮ್ಮ!" ಕೋದಂಡರಾಮಪ್ಪನವರು ಬಾಯಿ ತೆರೆದರು, ಮೂಗು ಎತ್ತಿದರು, ಕಣ್ಣು ಅರ್ಧ ಮುಚ್ಚಿದರು. ಸುತ್ತ ನೆರೆದವರೆಲ್ಲ ಕಾದರು. ಸೀನು ಬರಲಿಲ್ಲ. ಕೊನೆಗೆ ಮಾನ ಕಾಪಾಡಿಕೊಳ್ಳಲು ಜೇಬಿಗೆ ಕೈ ಹಾಕಿ ಆಧಾರ್ ಕಾರ್ಡನ್ನೇ ತೆಗೆದು ಮುಂದೆ ಹಿಡಿದರು. "ನೋಡಿ! ಸರ್ಕಾರದ ದಾಖಲೆ!"

ದೊಡ್ಡಮುನಿಯಮ್ಮ ಕಾರ್ಡು ನೋಡಿದರು. ಸ್ಟಿಕರ್ ನೋಡಿದರು. ಎದುರಿಗಿದ್ದ ಮುಖವನ್ನು ಇನ್ನೊಮ್ಮೆ ನೋಡಿದರು. ಕಾರ್ಡನ್ನು ಮರುಕದಿಂದ ವಾಪಸ್ಸು ಕೊಟ್ಟರು.

"ಈ ಕಾರ್ಡ್‌ನೋರು ಇನ್ಯಾರೋ ಸ್ವಾಮಿ, ಪಾಪ, ಮೈ ಹುಷಾರಿಲ್ಲ ಅಂತ ಕಾಣುತ್ತೆ. ನೀವು ಬೇರೆ. ಮೂರು ಜನದಲ್ಲಿ ನೋಡೋಕೆ ಲಕ್ಷಣವಾಗಿರೋರು ಅಂದ್ರೆ ಆ ಸ್ಟಿಕರ್‌ನೋರು ಒಬ್ರೇ!"