ಬಾಗಿಲಿಲ್ಲದ ಮನೆಗೆ ತೆರಿಗೆ

ಸರ್ಕಾರಕ್ಕೆ ತನ್ನ ಮೇಲೇ ಕಣ್ಣು ಎಂಬ ಗುಮಾನಿ ಬಡಗಿಗೆ ಮೊದಲಿನಿಂದಲೂ ಇತ್ತು. ಆ ಬೆಳಿಗ್ಗೆ ಅದು ಖಾತ್ರಿಯಾಯಿತು. ಬಾಗಿಲಿರುವ ಕೋಣೆ ಮೂರು ದಾಟಿದರೆ ಮನೆ ತೆರಿಗೆ ಎರಡರಷ್ಟಂತೆ! ಪಕ್ಕದ ಬೀದಿಯ ಪೇಂಟರ್ ಸುದ್ದಿ ತಂದವನೇ, ಹನ್ನೊಂದು ಗಂಟೆಗೆ ಇನ್ಸ್‌ಪೆಕ್ಟರ್ ಈ ಬೀದಿಗೆ ಬರುತ್ತಾರೆಂದೂ ಹೇಳಿ ಹೋದ. ಬಡಗಿಯ ಮನೆಯಲ್ಲಿ ಬೀದಿ ಬಾಗಿಲು ಬಿಟ್ಟು ಐದು ಬಾಗಿಲು. ಅಮ್ಮನ ಕಣ್ಣಿನ ಪೊರೆ ತೆಗೆಸಲು ಎರಡು ವರ್ಷದಿಂದ ಕೂಡಿಟ್ಟ ಹಣ ಕಪಾಟಿನಲ್ಲಿತ್ತು, ಆಪರೇಷನ್ನಿಗೆ ಇನ್ನು ಹತ್ತೇ ದಿನ. ತೆರಿಗೆ ಏರಿದರೆ ಆ ಹಣಕ್ಕೆ ಎಳ್ಳುನೀರೇ ಗತಿ.

"ಬಾಗಿಲಿದ್ರೆ ತಾನೇ ಕೋಣೆ?" ಎಂದ ಬಡಗಿ, ಸ್ಕ್ರೂಡ್ರೈವರ್ ಎತ್ತಿಕೊಂಡು.

"ಏನ್ ಮಾಡೋಕೆ ಹೊರಟ್ರಿ?" ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ಬಿಚ್ಚಿಬಿಡ್ತೀನಿ."

"ಎರಡು ಬಿಚ್ಚಿದ್ರೆ ಸಾಕಲ್ಲ?"

"ಸರ್ಕಾರದ ಎಣಿಕೆ ನಿನಗೇನ್ ಗೊತ್ತು? ಅಡುಗೆಮನೇದು ಒಂದಿರಲಿ, ನಾಲ್ಕೂ ಕಳಚ್ತೀನಿ!"

ಹೀಗೆ ಕವಾಟ ವಿಮೋಚನಾ ಮಹಾಯೋಜನೆಗೆ ಚಾಲನೆ ದೊರೆಯಿತು. ಅಮ್ಮನ ಕೋಣೆ, ಮಲಗುವ ಕೋಣೆ, ಉಗ್ರಾಣ, ಕೊನೆಗೆ ಬಚ್ಚಲುಮನೆ. ಬಚ್ಚಲಿಗೆ ಹೆಂಡತಿ ಹಲ್ಲು ಕಚ್ಚಿಕೊಂಡು ಹಾಸಿಗೆಯ ಹೊದಿಕೆ ಕಟ್ಟಿದಳು. (ಗಾಳಿ ಬೀಸಿದಾಗಲೆಲ್ಲ ಅದೂ ಅವಳೊಂದಿಗೇ ನಿಟ್ಟುಸಿರು ಬಿಟ್ಟಿತು.) ಕಣ್ಣು ಮಂಜಾದ ಅಮ್ಮ ಮನೆಯಲ್ಲೆಲ್ಲ ಬಾಗಿಲು ಹಿಡಿದೇ ಓಡಾಡುವವಳು. ಈಗ ಹಿಡಿಯಲು ಏನೂ ಸಿಗದೆ ನಡುಮನೆಯಲ್ಲೇ ನಿಂತು, "ಮನೆ ಎಲ್ಲಿ ಹೋಯ್ತೋ?" ಎಂದು ಕೂಗಿದಳು. ಮಗ ಓಡಿಬಂದು ಅವಳ ಕೈ ಹಿಡಿದುಕೊಂಡ. ಗಡಿಯಾರ ಆಗಲೇ ಹನ್ನೊಂದು ತೋರಿಸುತ್ತಿತ್ತು, ನಾಲ್ಕು ಬಾಗಿಲು ನಡುಮನೆಯ ಗೋಡೆಗೆ ಒರಗಿ ನಿಂತಿದ್ದವು, ಬಚ್ಚಿಡಲು ಜಾಗವೇ ಇರಲಿಲ್ಲ.

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಒಳಗೆ ಬಂದೇಬಿಟ್ಟರು. ಕಡ್ಡಿಯಂಥ ಹೆಂಗಸು, ಕೈಯಲ್ಲಿ ದಪ್ಪ ಪುಸ್ತಕ. ಕೋಣೆಗಳನ್ನು ನೋಡಿದರು. ಆಮೇಲೆ ಗೋಡೆಯತ್ತ ನೋಡಿದರು.

"ಈ ಬಾಗಿಲು ಯಾರದು?"

ಮನೆಯದೆಂದರೆ ಕೆಟ್ಟೆ ಎಂದುಕೊಂಡು ಬಡಗಿ, "ಗಿರಾಕಿಗಳದು ಮೇಡಂ. ಡೆಲಿವರಿ ಬಾಕಿ" ಎಂದ.

"ಓಹೋ. ಮನೆಯಲ್ಲೇ ಕಾರ್ಖಾನೆ." ಪೆನ್ನಿನ ಮುಚ್ಚಳ ತೆರೆಯಿತು. "ಅಂಥ ಮನೆಗೆ ವ್ಯಾಪಾರದ ದರ. ಮೂರರಷ್ಟು."

ಬಡಗಿ ಎರಡೂ ಕೈ ಮುಗಿದ. "ಅಯ್ಯೋ, ಸುಳ್ಳು ಹೇಳಿಬಿಟ್ಟೆ ಮೇಡಂ! ನಮ್ಮದೇ! ಎಲ್ಲಾ ನಮ್ಮದೇ!"

"ಅದನ್ನೂ ಹೇಗೆ ನಂಬೋದು?"

"ಹಾಕಿ ತೋರಿಸ್ತೀನಿ!"

ಮೂರರಷ್ಟಕ್ಕಿಂತ ಎರಡರಷ್ಟೇ ವಾಸಿ ಎಂದು ಮೈಮೇಲೆ ಬಂದವನಂತೆ ಬಾಗಿಲು ಹೊತ್ತ. ಸ್ಕ್ರೂ ಉದುರಿದವು, ಹೆಬ್ಬೆರಳು ಜಜ್ಜಿಹೋಯಿತು, ಹೆಂಡತಿ ಕೆಳಗಿನಿಂದ ಎತ್ತಿ ಹಿಡಿದಳು. ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕೂತು, ಕೈಗಡಿಯಾರ ನೋಡುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ನಾಲ್ಕೂ ಚೌಕಟ್ಟು ಸೇರಿದವು.

"ಸರಿ, ನಿಮ್ಮದೇ" ಎಂದು ಅವರು ಪುಸ್ತಕ ತಿರುವಿದರು. "ಆದರೆ ಇದನ್ನೆಲ್ಲ ಯಾಕೆ ಬಿಚ್ಚಿದಿರಿ? ಅಡುಗೆಮನೆ, ಬಚ್ಚಲು, ಉಗ್ರಾಣ ಕೋಣೆಯ ಲೆಕ್ಕಕ್ಕೆ ಬರೋದಿಲ್ಲ. ನಿಮ್ಮದು ಎರಡೇ ಕೋಣೆಯ ಮನೆ. ಹಳೇ ತೆರಿಗೆಯೇ."

ಬಡಗಿ ಅಲ್ಲೇ ಕುಸಿದು ಕೂತ. ಖುಷಿಗೋ ದುಃಖಕ್ಕೋ ಅವನಿಗೇ ತಿಳಿಯಲಿಲ್ಲ.

"ಅಧಿಕಾರಿಗೆ ಸುಳ್ಳು ಹೇಳಿದ್ದಕ್ಕೆ ಮಾತ್ರ ದಂಡ" ಎಂದು ಇನ್ಸ್‌ಪೆಕ್ಟರ್ ಚೀಟಿ ಹರಿದುಕೊಟ್ಟರು.

ಅವರು ಮೆಟ್ಟಿಲಿಳಿಯುತ್ತಲೇ ಹೆಂಡತಿ ಕಪಾಟಿಗೆ ಅಡ್ಡ ನಿಂತಳು. "ಅತ್ತೆ ಕಣ್ಣಿನ ದುಡ್ಡಿಗೆ ಕೈ ಹಾಕಿದ್ರೆ ನೋಡಿ! ನಿಮ್ಮ ಸ್ಕೂಟರ್ ಮಾರಿ."

ದಂಡ ಕಟ್ಟಲು ಸ್ಕೂಟರ್ ಹೋಯಿತು. ಆಮೇಲೆ ದಿನವೂ ಬಡಗಿ ಉಳಿ, ಗರಗಸ ಹೆಗಲಿಗೇರಿಸಿ ಬಸ್ಸಿನಲ್ಲಿ ನಿಂತು ಹೋದ, ಮನೆಯಲ್ಲಿ ತಲೆ ತಗ್ಗಿಸಿಯೇ ಓಡಾಡಿದ. ಹೇಳಿದ ದಿನಕ್ಕೆ ಸರಿಯಾಗಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದ ಅಮ್ಮ ಯಾರ ಕೈಯನ್ನೂ ಹಿಡಿಯದೆ ಒಳಗೆ ನಡೆದಳು. ಮಗನ ಕಣ್ಣು ತುಂಬಿ ಬಂತು. ಅಷ್ಟೂ ಪಾಡು ಸಾರ್ಥಕವಾಯಿತೆಂದುಕೊಂಡ.

ಅಮ್ಮ ತನ್ನ ಕೋಣೆಯ ಮುಂದೆ ನಿಂತಳು. ಬಚ್ಚಲಿನ ಮುಂದೆ ನಿಂತಳು. ಮತ್ತೆ ಕೋಣೆಯ ಮುಂದೆ ಬಂದಳು.

"ಲೋ, ನಿಮ್ಮಪ್ಪ ನನಗೋಸ್ಕರ ನವಿಲು ಕೆತ್ತಿದ ಬಾಗಿಲು ಬಚ್ಚಲಿಗ್ಯಾಕೋ ಹಾಕಿದೀಯ?"

ಬಡಗಿ ಬೆಚ್ಚಿ ತಲೆಯೆತ್ತಿ ನೋಡಿದ. ನವಿಲು ಗರಿ ಬಿಚ್ಚಿಕೊಂಡು ಬಚ್ಚಲು ಕಾಯುತ್ತಿತ್ತು. ಇಪ್ಪತ್ತು ವರ್ಷದಿಂದ ಮರಗೆಲಸ ಮಾಡಿದವನು ದಿನಕ್ಕೆ ನಾಲ್ಕು ಸಲ ಅದನ್ನೇ ದೂಡಿಕೊಂಡು ಒಳಗೆ ಹೋಗಿ ಬಂದಿದ್ದ!

"ನಿನಗಾದ್ರೂ ಕಾಣಲಿಲ್ವೇನೇ?" ಎಂದು ಹೆಂಡತಿಯ ಮೇಲೆ ರೇಗಿದ.

"ಮೊದಲನೇ ದಿನವೇ ಕಾಣಿಸ್ತು" ಎಂದಳು ಅವಳು, ಅತ್ತೆಯ ಚೀಲ ಒಳಗಿಡುತ್ತ. "ಅತ್ತೇದು ಆದ್ಮೇಲೆ ನಿಮ್ಮ ಕಣ್ಣನ್ನೂ ಡಾಕ್ಟರಿಗೆ ತೋರಿಸೋಣ ಅಂತ ಸುಮ್ನಿದ್ದೆ."