ಕನ್ನಡಕದ ಡಬ್ಬಿಯೊಳಗಿನ ಆರು ಸೆಕೆಂಡು

ಬೆಳಿಗ್ಗೆ ಅಲ್ಬೇನಿಯಾದ ರಾಜಧಾನಿ ತಿರಾನಾದ ಚಿತ್ರ ಭಂಡಾರಕ್ಕೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಗಣಿ ಮಂತ್ರಿ ದ್ರೋಹಿ. ಸಂಜೆಯೊಳಗೆ ಅವನು ಯಾವ ಸುದ್ದಿಚಿತ್ರದಲ್ಲೂ ಇರಕೂಡದು.’ ಅದೇ ಮಂತ್ರಿ ಪರದೆಗೆ ಬಂದಾಗ ಚಪ್ಪಾಳೆ ತಟ್ಟದಿದ್ದರೆ ನಿನ್ನೆಯವರೆಗೆ ಅಪರಾಧವಾಗುತ್ತಿತ್ತು.

ಹದಿನೆಂಟು ವರ್ಷದಿಂದ ಅಲ್ಲಿ ರೀಲು ಕಾಯುತ್ತಿದ್ದ ಪಂದೇಲಿ ಕತ್ತರಿ ಹಿಡಿದ. ಮಧ್ಯಾಹ್ನಕ್ಕೆ ಮೇಜಿನ ಮೇಲೆ ನಲವತ್ತು ತುಂಡುಗಳು ಶಾವಿಗೆಯಂತೆ ಬಿದ್ದಿದ್ದವು. ಅವನ್ನೇನು ಮಾಡಬೇಕೆಂದು ಚೀಟಿಯಲ್ಲಿರಲಿಲ್ಲ.

“ಇವನ್ನೆಲ್ಲಿಡಲಿ ಮಾರಾಯ?” ಎಂದು ಪಕ್ಕದ ಮೇಜಿನ ಸೊಕೋಲನನ್ನು ಕೇಳಿದ.

“ಯಾವ್ದನ್ನ? ನಂಗೇನೂ ಕಾಣಿಸ್ತಿಲ್ಲಪ್ಪ,” ಎಂದ ಸೊಕೋಲ್, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

ದ್ರೋಹಿಯ ಮುಖಗಳು ತನ್ನ ಮೇಜಿನ ಮೇಲೆ! ಪಂದೇಲಿ ತುಂಡುಗಳನ್ನೆಲ್ಲ ಊಟದ ಚೀಲಕ್ಕೆ ತುರುಕಿ ಮನೆಗೆ ಓಡಿದ.

ಮೆಟ್ಟಿಲ ಬಳಿ ವಠಾರದ ಸಮಿತಿಯ ಮರೀಗೋ ಈರುಳ್ಳಿ ಸೊಪ್ಪು ಹೆಚ್ಚುತ್ತ ಕೂತಿದ್ದಳು. ಅವಳ ಕಣ್ಣು ತಪ್ಪಿಸಿ ಆ ವಠಾರದೊಳಗೆ ಇಲಿಯೂ ಹೋಗುತ್ತಿರಲಿಲ್ಲ.

“ಚೀಲ ಏನು ಇಷ್ಟು ಉಬ್ಬಿದೆ?”

“ಬ್ರೆಡ್ಡು, ಅಕ್ಕ.”

“ಹೂಂ. ನಾಲ್ಕನೇ ಮನೇಲಿ ಆ ಮಂತ್ರೀದು ಒಂದೇ ಒಂದು ಫೋಟೋ ಸಿಕ್ತಂತೆ. ಮಗು ಸಮೇತ ಲಾರಿ ಹತ್ತಿಸಿದ್ರು. ಗೊತ್ತಾಯ್ತಾ?”

ಗೊತ್ತಾಯಿತು. ಜೂನ್ ತಿಂಗಳ ಸುಡುಬಿಸಿಲಿನಲ್ಲಿ ಪಂದೇಲಿ ಒಲೆ ಹಚ್ಚಿದ. ಮೂವತ್ತೊಂಬತ್ತು ತುಂಡುಗಳು ಹುಳಿನಾತ ಬಿಟ್ಟು ಉರಿದವು.

ನಲವತ್ತನೆಯದಕ್ಕೆ ಕೈ ಬರಲಿಲ್ಲ. ಅಷ್ಟು ವರ್ಷ ಪರರ ಚಿತ್ರ ಕಾಯ್ದವನು ತಾನೇ ಕಾಣಿಸಿಕೊಂಡದ್ದು ಆ ತುಂಡಿನ ಆರು ಸೆಕೆಂಡಿನಲ್ಲಿ ಮಾತ್ರ. ಹೆಂಡತಿಯನ್ನು ಥಿಯೇಟರಿಗೆ ಕರೆದುಕೊಂಡು ಹೋಗಿ ತೋರಿಸಿದರೆ ಅವಳು, “ಅದು ನೀವಲ್ಲ ಬಿಡಿ, ಯಾರೋ ದಪ್ಪಗಿರೋರು,” ಎಂದಿದ್ದಳು. ಆ ತುಂಡನ್ನು ಸುರುಳಿ ಸುತ್ತಿ ಕನ್ನಡಕದ ಡಬ್ಬಿಯಲ್ಲಿ ಬಚ್ಚಿಟ್ಟು ಜೇಬಿಗಿಳಿಸಿದ.

“ಏನ್ ಸುಡ್ತಿದೀಯೋ?” ಎಂದು ಕೆಳಗಿನಿಂದ ಮರೀಗೋ ಕೂಗಿದಳು.

“ಹಳೇ ಚಪ್ಪಲಿ, ಅಕ್ಕ!”

ಮೂರು ಗಂಟೆಗೆ ಕಚೇರಿಗೆ ಮರಳಿದರೆ ಅವನ ಕುರ್ಚಿಯಲ್ಲಿ ತನಿಖಾಧಿಕಾರಿ ಜೆಮಾಲ್ ಕೂತಿದ್ದ.

“ಕತ್ತರಿಸಿದ ತುಂಡುಗಳೆಲ್ಲಿ? ಆ ದ್ರೋಹಿ ಜೊತೆ ಯಾರ್ಯಾರಿದ್ರು, ಒಂದೊಂದು ಮುಖಾನೂ ನೋಡ್ಬೇಕು. ನಾಳೆ ವಿಚಾರಣೆ.”

“ಸು... ಸುಟ್ಟುಬಿಟ್ಟೆ, ಕಾಮ್ರೇಡ್.”

“ಸುಟ್ಟೆ?” ಜೆಮಾಲ್ ಮೆಲ್ಲಗೆ ಎದ್ದ. “ಅಂದ್ರೆ ಅವನ ಕಡೆಯವರನ್ನೆಲ್ಲ ಉಳಿಸಿದೆ. ಯಾರು ಹೇಳಿದ್ರು ನಿಂಗೆ?”

ಹೊರಗೆ ಲಾರಿ ನಿಂತ ಸದ್ದು. ಹೆಂಡತಿ, ಇಬ್ಬರು ಮಕ್ಕಳು ಪಂದೇಲಿಯ ಕಣ್ಮುಂದೆ ಬಂದು ಹೋದರು. ಆಗಲೇ ಅವನಿಗೆ ನೆನಪಾಯಿತು. ಹೋದ ಜೀವ ಬಂದಂತಾಗಿ ಡಬ್ಬಿ ತೆರೆದು ಸುರುಳಿಯನ್ನು ಎರಡೂ ಕೈಯಲ್ಲಿ ನೀಡಿದ.

“ಒಂದುಂಟು, ಕಾಮ್ರೇಡ್! ನಿಮಗೋಸ್ಕರಾನೇ ಜೋಪಾನ ಮಾಡಿದ್ದೆ!”

ಜೆಮಾಲನ ಮುಖ ಅರಳಿತು. “ಭೇಷ್,” ಎನ್ನುತ್ತ ಅದನ್ನು ಕಿಟಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದ.

“ಮಂತ್ರೀಗೆ ಸಿಗರೇಟು ಹಚ್ಚಿಕೊಡ್ತಾ, ಹಲ್ಲು ಕಿರೀತಾ ನಿಂತಿದಾನಲ್ಲ...” ಎಂದು ಕನ್ನಡಿ ಇಳಿಸಿ ಪಂದೇಲಿಯತ್ತ ತಿರುಗಿದ.

ಹೆಂಡತಿಗೇ ಸಿಗದ ಗುರುತು ಜೆಮಾಲನಿಗೆ ಒಂದೇ ನೋಟಕ್ಕೆ ಸಿಕ್ಕಿತ್ತು.