ಮಗಳ ವಿಯೋಲಾ, ಮನೆಮಂದಿಯ ಪಕ್ಕವಾದ್ಯ

ಅಂಧೇರಿಯಲ್ಲಿ ಉಡುಪಿ ಹೋಟೆಲ್ ನಡೆಸುವವನ ಮನೆಗೆ ಪಾಶ್ಚಾತ್ಯ ಸಂಗೀತ ಹೊಕ್ಕರೆ ಏನೇನಾಗಬಹುದೋ ಅದೆಲ್ಲ ನಮ್ಮಲ್ಲಿ ಆಗುತ್ತಲೇ ಇರುತ್ತದೆ. ನಾನು ಸಂಗೀತದವನಲ್ಲ. ದುಡ್ಡೆಣಿಸುವ ಗಲ್ಲೆಯ ಮೇಲೆ ಕೂತಲ್ಲಿಂದಲೇ ಗ್ರೈಂಡರಿನ ಸದ್ದು ಕೇಳಿ ಹಿಟ್ಟು ನುಣ್ಣಗಾಯಿತೋ ಇಲ್ಲವೋ ಹೇಳಬಲ್ಲೆ, ನನ್ನ ಶ್ರುತಿಜ್ಞಾನ ಅಷ್ಟೇ. ಮಗಳು ಮಾತ್ರ ಶಾಲೆಯಲ್ಲಿ ಯಾರೋ ಬಾರಿಸಿದ್ದು ಕೇಳಿ ಬಂದು, ಕಲಿತರೆ ವಿಯೋಲಾವನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದಳು. ವಿಯೋಲಾ ಅಂದರೆ ಪಿಟೀಲಿನ ಅಕ್ಕ. ಆಕಾರ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ದಪ್ಪ. ಮದುವೆಮನೆಯಲ್ಲಿ ಕೆಲಸವೆಲ್ಲ ತಾನೇ ಮಾಡಿ, ಫೋಟೋ ತೆಗೆಯುವಾಗ ಹಿಂದೆ ನಿಲ್ಲುವ ಅಕ್ಕ.

ಎಳೆಯ ವಿಯೋಲಾ ವಾದಕರ ಅಂತಾರಾಷ್ಟ್ರೀಯ ಸ್ಪರ್ಧೆ ಈ ವರ್ಷ ನಮ್ಮ ಮುಂಬಯಿಯಲ್ಲೇ ನಡೆಯುತ್ತದೆ ಎಂದು ಗೊತ್ತಾಯಿತು. ಮೊದಲು ವಿಡಿಯೋ ಕಳಿಸುವ ಸುತ್ತು, ಆಮೇಲೆ ಪರದೆಯ ಹಿಂದೆ ನಿಂತು ಬಾರಿಸುವ ಸುತ್ತು, ಅದರಲ್ಲಿ ಆಯ್ಕೆಯಾದವರಿಗೆ ದೊಡ್ಡ ಆರ್ಕೆಸ್ಟ್ರಾ ಜೊತೆ ಫೈನಲ್. ಮಗಳನ್ನು ಕಳೆದ ಸಲ ವಿಡಿಯೋದಲ್ಲೇ ಮನೆಗೆ ಕಳಿಸಿದ್ದರು. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಈ ಸಲ ಬಿಟ್ಟರೆ ಇನ್ನಿಲ್ಲ.

"ಅಪ್ಪಾ, ಪ್ರೈಜ್ ನಹೀ ಚಾಹಿಯೇ," ಎಂದಳು ತನ್ನ ಮುಂಬಯಿ ಕನ್ನಡದಲ್ಲಿ. "ಆರ್ಕೆಸ್ಟ್ರಾದಲ್ಲಿ ನಾವು ವಿಯೋಲಾದವ್ರು ಆಲ್ವೇಸ್ ನಡುವೆ ಕೂತ್ಕೊಳ್ಳುದು, ಯಾರೂ ನೋಡುದೇ ಇಲ್ಲ. ಒಮ್ಮೆ ಪೂರಾ ಆರ್ಕೆಸ್ಟ್ರಾ ನನ್ನ ಹಿಂದೆ ಕೂತ್ಕೋಬೇಕು. ಓನ್ಲಿ ಒನ್ಸ್."

ಅವತ್ತಿನಿಂದ ಇಡೀ ಮನೆ ಅವಳಿಗೆ ಸಹಾಯ ಮಾಡಲು ಟೊಂಕ ಕಟ್ಟಿ ನಿಂತಿತು. ತೊಂದರೆಯೆಲ್ಲ ಆದದ್ದು ಅದರಿಂದಲೇ.

ಬೆಳೆಯುವ ಮಗು

ಇದು ಸ್ಪರ್ಧೆಗಿಂತ ಬಹಳ ಮೊದಲಿನ ಮಾತು. ವಿಯೋಲಾ ಕೊಂಡು ತಂದ ದಿನ ಲಿಫ್ಟಿನಲ್ಲಿ ಮೇಲಿನ ಮನೆಯ ಗುಜರಾತಿ ಬೆಹನ್ ಸಿಕ್ಕರು.

"ವಯಲಿನ್ನಾ?" ಎಂದು ಕೇಳಿದರು.

"ಅಲ್ಲ, ಅದಕ್ಕಿಂತ ಒಂದು ಸೈಜು ದೊಡ್ಡದು," ಎಂದೆ ನಾನು. ನನಗೂ ಅವತ್ತಿಗೆ ಅಷ್ಟೇ ಗೊತ್ತಿತ್ತು.

ಅವರು ಮೆಚ್ಚುಗೆಯಿಂದ ತಲೆದೂಗಿದರು. "ಒಳ್ಳೆಯದು ಮಾಡಿದಿರಿ ಭಾಯಿ. ಬೆಳೆಯುವ ಮಗು. ನಾನೂ ನಮ್ಮ ಹುಡುಗನಿಗೆ ಶೂ ಹಾಗೇ ತಗೊಳ್ಳೋದು."

ಮನೆಯಲ್ಲಿ ನನ್ನ ಅಮ್ಮನದು ಇನ್ನೊಂದು ರಾಗ. "ಇಷ್ಟು ದೊಡ್ಡದು ಎಂತಕ್ಕೆ ತಂದದ್ದು? ಮಗುವಿನ ತೋಳು ಬಿದ್ದು ಹೋಗ್ತದೆ. ಬಳಸಿಲ್ಲ ಅಂತ ಹೇಳು, ಅಂಗಡಿಯವ ಬದಲಿಸಿ ಕೊಡ್ತಾನೆ ಮಾರಾಯ."

ವಿಯೋಲಾ ಬೇರೆ, ಪಿಟೀಲು ಬೇರೆ ಎಂದು ನಾವು ಅಮ್ಮನಿಗೂ ಬಿಲ್ಡಿಂಗಿಗೂ ಹೇಳಿ ಹೇಳಿ ಸೋತೆವು. ಕೆಲವು ವರ್ಷ ಕಳೆಯಿತು. ಮಗಳು ನನ್ನ ಭುಜಕ್ಕೆ ಬಂದಳು. ಗಣಪತಿ ಹಬ್ಬಕ್ಕೆ ಸೊಸೈಟಿಯವರ ಎದುರು ಅವಳು ಬಾರಿಸಿದ ದಿನ ಅದೇ ಬೆಹನ್ ಓಡಿ ಬಂದು ನನ್ನ ಕೈ ಕುಲುಕಿದರು. ಸಂಗೀತ ಹೇಗಿತ್ತು ಎಂದು ಹೇಳುತ್ತಾರೆಂದು ಕಾದೆ.

"ನೋಡಿದ್ರಾ ಭಾಯಿ, ಈಗ ಫಿಟಿಂಗ್ ಎಷ್ಟು ಕರೆಕ್ಟಾಗಿ ಬಂತು!"

ಒಂದೇ ಉಸಿರಿನ ವಿಡಿಯೋ

ವಿಡಿಯೋ ಸುತ್ತಿನ ನಿಯಮ ಬಹಳ ಕಟ್ಟುನಿಟ್ಟು. ಎಲ್ಲೂ ನಿಲ್ಲಿಸುವಂತಿಲ್ಲ, ಕತ್ತರಿಸುವಂತಿಲ್ಲ, ಶುರುವಿನಿಂದ ಕೊನೆಯವರೆಗೆ ಒಂದೇ ಓಟ. ಕಳೆದ ಸಲ ಅವಳ ವಿಡಿಯೋ ಕೆಟ್ಟದ್ದೇ ಅಲ್ಲಿ. ಅವಳು ಕಣ್ಣು ಮುಚ್ಚಿ ಬಾರಿಸುತ್ತಿದ್ದಾಗ ಯಾವುದೋ ಮನೆಯ ಕುಕ್ಕರ್ ಸೀಟಿ ಹೊಡೆದಿತ್ತು.

ಈ ಸಲ ನಾನು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಮನೆಮನೆಗೆ ಹೋಗಿ ಬೆಲ್ ಒತ್ತಿದೆ. "ಮಗಳ ರೆಕಾರ್ಡಿಂಗ್ ಉಂಟು, ದಯವಿಟ್ಟು ಮುಗಿಯುವ ತನಕ ಕುಕ್ಕರ್ ಇಡಬೇಡಿ" ಎಂದು ಕೈ ಮುಗಿದೆ. ಭಾನುವಾರದ ಊಟದ ಹೊತ್ತಿಗೆ ಮುಂಬಯಿಯವರಲ್ಲಿ ಇಂಥ ಮಾತು ಕೇಳುವುದೆಂದರೆ ಸುಮ್ಮನೆ ಅಲ್ಲ. ಆದರೂ ಎಲ್ಲರೂ ಒಪ್ಪಿದರು. ಒಬ್ಬರು ಮಿಕ್ಸರಿನ ಪ್ಲಗ್ಗನ್ನೇ ಕಿತ್ತಿಟ್ಟರು. ಮತ್ತೊಬ್ಬರು ತಮ್ಮ ಗಿಳಿಗೆ ಬಟ್ಟೆ ಹೊದಿಸಿದರು. ಬಿಲ್ಡಿಂಗ್ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕಂಡದ್ದೇ ಇಲ್ಲ.

ಮಗಳು ಬಾರಿಸತೊಡಗಿದಳು. ನಾನು, ಹೆಂಡತಿ ಬಾಗಿಲಾಚೆ ಉಸಿರು ಬಿಗಿಹಿಡಿದು ನಿಂತೆವು. ಕೊನೆಯ ಪುಟ ಬಂತು. ಕೊನೆಯ ಸಾಲೂ ಬಂತು. ಅಷ್ಟರಲ್ಲಿ ಕುಕ್ಕರ್ ಉದ್ದಕ್ಕೆ ಸೀಟಿ ಹೊಡೆಯಿತು.

ಸದ್ದು ಬಂದದ್ದು ನಮ್ಮ ಅಡುಗೆಮನೆಯಿಂದಲೇ.

ಅಮ್ಮ ಸೌಟು ಹಿಡಿದು ಹೊರಗೆ ಬಂದರು. "ಎಂತ ಹಾಗೆ ನೋಡುದು? ಇಡೀ ಬಿಲ್ಡಿಂಗಿಗೆ ಅಡುಗೆ ಮಾಡ್ಬೇಡಿ ಅಂತ ನೀನೇ ಹೇಳಿ ಬಂದಿ. ಪಾಪ, ಅಷ್ಟು ಜನ ಉಪವಾಸ ಕೂತ್ಕೊಳ್ಳಿಕ್ಕೆ ಆಗ್ತದಾ? ಅದಕ್ಕೆ ಬೇಳೆ ಇಟ್ಟೆ."

ಮಗಳು ಅಳು ನುಂಗಿ ಮತ್ತೆ ಮೊದಲಿನಿಂದ ಬಾರಿಸಿದಳು. ಬಿಲ್ಡಿಂಗಿನವರು ಅಮ್ಮನ ಸಾರು ಉಂಡು ತೆಪ್ಪಗಿದ್ದುದರಿಂದ ಎರಡನೆಯ ಸಲ ಏನೂ ಕೆಡಲಿಲ್ಲ. ಅದನ್ನೇ ಕಳಿಸಿದೆವು, ಆಯ್ಕೆಯೂ ಆಯಿತು. ಸುದ್ದಿ ಹೇಳಲು ಬೈಕುಲ್ಲಾದಲ್ಲಿರುವ ಅವಳ ಗೋವಾದ ಗುರುಗಳ ಮನೆಗೆ ಹೋದಾಗ, ಹಾಳಾದ ಮೊದಲ ವಿಡಿಯೋವನ್ನೂ ತೋರಿಸಿದಳು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಕುಕ್ಕರ್ ಸ್ವರದಲ್ಲೇ ಇದೆ," ಎಂದರು. "ಆದರೆ ಸ್ವಲ್ಪ ಬೇಗ ಬಂತು."

ತಾಳಕ್ಕೆ ತಕ್ಕ ದೋಸೆ

ಎರಡನೆಯ ಸುತ್ತಿಗೆ ಅಭ್ಯಾಸ ಜೋರಾಯಿತು. ಬಿಲ್ಡಿಂಗಿನವರ ಒಳ್ಳೆಯತನಕ್ಕೂ ಒಂದು ಮಿತಿ ಇದೆಯಲ್ಲ. ಹಾಗಾಗಿ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿನ ಫ್ಯಾಮಿಲಿ ರೂಮನ್ನು ಅವಳಿಗೆ ಬಿಟ್ಟುಕೊಟ್ಟೆ.

ಕೆಲವೇ ದಿನಗಳಲ್ಲಿ ಗಿರಾಕಿಗಳ ದೂರು ಬರತೊಡಗಿತು. ಒಬ್ಬರ ದೋಸೆ ತಟ್ಟೆಯಿಂದ ಹೊರಗೆ ಚಾಚುವಷ್ಟು ದೊಡ್ಡದು, ಹಿಂದಿನ ಬೆಳಕು ಕಾಣುವಷ್ಟು ತೆಳ್ಳಗೆ. ಪಕ್ಕದವರದು ಅಂಗೈಯಗಲ, ಸೆಟ್ ದೋಸೆಯ ದಪ್ಪ. ಹಿಟ್ಟು ಒಂದೇ, ಕಾವಲಿ ಒಂದೇ. ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ದೋಸೆ ಭಟ್ಟರ ಹಿಂದೆ ಹೋಗಿ ನಿಂತೆ.

ಒಳಗೆ ಮಗಳು ನಿಧಾನದ ಭಾಗ ಬಾರಿಸುವಾಗ ಭಟ್ಟರ ಕೈ ಕಾವಲಿಯ ಮೇಲೆ ಹಾಯಾಗಿ ಸುತ್ತುತ್ತ ಸುತ್ತುತ್ತ ಅಂಚಿಗೆ ಹೋಗುತ್ತಿತ್ತು. ಅವಳು ವೇಗದ ಭಾಗಕ್ಕೆ ಹಾರಿದಳೋ, ಭಟ್ಟರು ಎರಡು ಸುತ್ತಿಗೆ ಮುಗಿಸಿ ಸೌಟು ಎತ್ತಿಬಿಡುತ್ತಿದ್ದರು.

"ಭಟ್ರೇ, ಇದೆಂತದು?" ಎಂದೆ.

"ನಾನೆಂತ ಮಾಡುದು ಅಣ್ಣಾ? ಕೈ ಅದರಷ್ಟಕ್ಕೆ ಹೋಗ್ತದೆ," ಎಂದರು ಅವರು. ಆಮೇಲೆ ದನಿ ತಗ್ಗಿಸಿ ಸೇರಿಸಿದರು: "ಒಂದು ಉಪಕಾರ ಮಾಡ್ಲಿಕ್ಕೆ ಹೇಳಿ ಮಗುವಿಗೆ. ಪೇಪರ್ ದೋಸೆಯ ಆರ್ಡರ್ ಬಂದಾಗ ನಾನು ಕೂಗ್ತೇನೆ, ಆಗ ಆ ನಿಧಾನದ್ದನ್ನೇ ಬಾರಿಸಲಿ."

ಸ್ಟೇಷನ್ನಿನಲ್ಲಿ ಕಛೇರಿ

ಪ್ರತಿ ವಾರ ಪಾಠಕ್ಕೆ ಬೈಕುಲ್ಲಾಕ್ಕೆ ಹೋಗುವುದು ಲೋಕಲ್‌ನಲ್ಲಿ. ಒಂದು ದಿನ ಸ್ಟೇಷನ್ನಿನ ಬಾಗಿಲಲ್ಲಿ ತಪಾಸಣೆಯವನೊಬ್ಬ ನಮ್ಮನ್ನು ತಡೆದ. ಉದ್ದದ ಕಪ್ಪು ಪೆಟ್ಟಿಗೆ ನೋಡಿ ಅವನಿಗೆ ಅನುಮಾನ. ತೆರೆದು ತೋರಿಸಿದರೂ ಅನುಮಾನ ಹೋಗಲಿಲ್ಲ.

"ನಿಜವಾದ ವಾದ್ಯ ಆದರೆ ಬಜಾಯಿಸಿ ತೋರಿಸು," ಎಂದ.

ಮಗಳಿಗೂ ಒಂದು ಸಿಟ್ಟು ಇದೆ, ಅದು ನನ್ನ ಕಡೆಯಿಂದ ಬಂದದ್ದು. ಅಲ್ಲೇ ನಿಂತು, ಸ್ಪರ್ಧೆಗೆ ಸಿದ್ಧಮಾಡಿದ್ದ ವಿಷಾದದ ತುಣುಕನ್ನೇ ಎತ್ತಿಕೊಂಡಳು. ಜನ ಸೇರಿದರು. ಟ್ರೇನು ತಪ್ಪಿದರೂ ಪರವಾಗಿಲ್ಲ ಎಂದು ಮುಂಬಯಿಯವರು ನಿಲ್ಲುವುದನ್ನು ನಾನು ಮೊದಲ ಸಲ ಕಂಡೆ. ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಕಣ್ಣು ಒರೆಸಿಕೊಂಡಳು. ನಮ್ಮ ತಪಾಸಣೆಯವನೂ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಅಷ್ಟರಲ್ಲಿ ಗುಂಪು ಸೀಳಿಕೊಂಡು ಅವನ ಸಾಹೇಬ ಬಂದ. "ಸ್ಟೇಷನ್ನಿನಲ್ಲಿ ಬಜಾಯಿಸುವುದು ಮನಾ ಹೈ! ಯಾರು ಪರ್ಮಿಶನ್ ಕೊಟ್ಟದ್ದು?"

ಮಗಳು ಕಮಾನಿನ ತುದಿಯಿಂದಲೇ ತಪಾಸಣೆಯವನನ್ನು ತೋರಿಸಿದಳು. ಅವನು ಟೋಪಿಯನ್ನು ತಲೆಗೆ ಹಾಕಿಕೊಂಡು ನಮ್ಮತ್ತ ತಿರುಗಿ ಗದರಿಸಿದ:

"ಮತ್ತೆ ನಿಲ್ಲಿಸಿದ್ದು ಯಾಕೆ? ಪೂರ್ತಿ ಬಾರಿಸದೆ ಚೆಕಿಂಗ್ ಮುಗಿಯೋದು ಹೇಗೆ?"

ಪರದೆಯ ಆಚೆ, ಪರದೆಯ ಈಚೆ

ಎರಡನೆಯ ಸುತ್ತಿನ ದಿನ ಬಂತು. ಯಾರು ಬಾರಿಸುತ್ತಿದ್ದಾರೆಂದು ತೀರ್ಪುಗಾರರಿಗೆ ತಿಳಿಯಬಾರದೆಂದು ವೇದಿಕೆಗೆ ಅಡ್ಡಲಾಗಿ ದಪ್ಪ ಪರದೆ ಹಾಕಿದ್ದರು. ಹೆಸರಿಲ್ಲ, ಮುಖವಿಲ್ಲ, ಬರಿಯ ನಂಬರು. ನಮ್ಮ ಮಗಳು ಹನ್ನೊಂದು. ಪರವೂರುಗಳಿಂದ ಬಂದ ತೀರ್ಪುಗಾರರು ಸಭಾಂಗಣದ ನಡುವೆ ಕೂತಿದ್ದರು. ನಾನು, ಹೆಂಡತಿ, ಅಮ್ಮ ಕೊನೆಯ ಸಾಲಿನಲ್ಲಿ.

ವ್ಯವಸ್ಥೆಯ ಮುಖ್ಯಸ್ಥೆ ಒಬ್ಬರು ವಯಸ್ಸಾದ ಪಾರ್ಸಿ ಮೇಡಂ. ಸಪೂರ ದೇಹ, ಹರಿತ ಕಣ್ಣು. ಶುರುವಿಗೆ ಮುಂಚೆ ಅವರು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಎಚ್ಚರಿಸಿದರು. ಹೆಸರು ಕೂಗಬಾರದು, ಚಪ್ಪಾಳೆ ತಟ್ಟಬಾರದು. ಸಭೆಯಿಂದ ಪರದೆಯ ಹಿಂದಿನವರಿಗೆ ಯಾವುದೇ ಸನ್ನೆ ಹೋದರೆ ಆ ನಂಬರು ಸ್ಪರ್ಧೆಯಿಂದ ಹೊರಗೆ. ಮೂರು ಸಲ ಕರೆದರೂ ಬಾರಿಸದಿದ್ದರೆ ಆಗಲೂ ಹೊರಗೆ. ನಾನು ಅದನ್ನೆಲ್ಲ ಅಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ. ಅಮ್ಮ ಬಾಯಿಗೆ ಸೆರಗು ಹಿಡಿದು ಕೂತರು.

"ನಂಬರ್ ಹನ್ನೊಂದು," ಎಂದರು ಮೇಡಂ.

ಅದೇ ಗಳಿಗೆಗೆ, ಎ.ಸಿ.ಯ ಚಳಿಗೆ ಶಾಲು ಹೊದ್ದು ಕೂತಿದ್ದ ಒಬ್ಬ ಬಿಳಿಗಡ್ಡದ ತೀರ್ಪುಗಾರರು ಸೀನಿದರು. ಒಂದೇ ಒಂದು ಸೀನು.

ನಮ್ಮ ಮನೆಯಲ್ಲಿ ಒಂಟಿ ಸೀನಿಗೆ ಯಾರೂ ಹೊಸ್ತಿಲು ದಾಟುವುದಿಲ್ಲ. ಕೂರಬೇಕು, ನೀರು ಕುಡಿಯಬೇಕು, ಇನ್ನೊಂದು ಸೀನಿಗೆ ಕಾಯಬೇಕು. ಜೋಡಿ ಸೀನಾದರೆ ಶುಭ. ಮಗಳು ಇದನ್ನೆಲ್ಲ ನಂಬುವವಳಲ್ಲ. "ಅಜ್ಜಿ, ಇಟ್ಸ್ ಜಸ್ಟ್ ಡಸ್ಟ್!" ಎಂದು ದಿನವೂ ನಗುವವಳು. ಆದ್ದರಿಂದ ಬಾರಿಸತೊಡಗುತ್ತಾಳೆ ಎಂದು ಕಾದೆ.

ಪರದೆಯ ಹಿಂದೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಸ್ಟೀಲ್ ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು. ನಮ್ಮ ಹುಡುಗಿ ಕೂತಳು, ನೀರು ಕುಡಿದಳು. ಆಮೇಲೆ ಸದ್ದೇ ಇಲ್ಲ. ಜೀವನವೆಲ್ಲ ನಕ್ಕವಳು ಬೇಕಾದ ಹೊತ್ತಿಗೆ ಸರಿಯಾಗಿ ಅಜ್ಜಿಯ ಮೊಮ್ಮಗಳಾಗಿಬಿಟ್ಟಿದ್ದಳು.

"ನಂಬರ್ ಹನ್ನೊಂದು," ಮೇಡಂ ಎರಡನೆಯ ಸಲ ಕರೆದರು.

ಬಿಳಿಗಡ್ಡದವರು ಮೂಗು ಒರೆಸಿಕೊಂಡು, ಇನ್ನು ಸೀನುವ ಲಕ್ಷಣವೇ ಇಲ್ಲದೆ ಆರಾಮಾಗಿ ಕೂತಿದ್ದರು. ಒಬ್ಬ ಮನುಷ್ಯನಿಗೆ ಸೀನು ಬರಲಿ ಎಂದು ಕೃಷ್ಣನಿಗೆ ಹರಕೆ ಹೊತ್ತದ್ದು ನಾನು ಅದೇ ಮೊದಲು. ಹೆಂಡತಿ ನನ್ನ ಕೈಯನ್ನು ಉಗುರು ನಾಟುವಷ್ಟು ಹಿಡಿದಿದ್ದಳು. ಇಷ್ಟು ವರ್ಷಗಳ ಅಭ್ಯಾಸ, ಅವಳ ಆ ಒಂದೇ ಆಸೆ, ಎಲ್ಲ ಒಂದು ನೆಗಡಿಗೆ ಹೋಗುವುದನ್ನು ಕೂತು ನೋಡಬೇಕಾಯಿತಲ್ಲ ಎಂದು ನನಗೆ ಅಳುವೇ ಬಂತು.

ಮೇಡಂ ಮೂರನೆಯ ಸಲ ಕರೆಯಲು ಬಾಯಿ ತೆರೆದವರು ಯಾಕೋ ತಡೆದುಕೊಂಡರು. ಆಗ ಪಕ್ಕಕ್ಕೆ ನೋಡುತ್ತೇನೆ, ಅಮ್ಮ ಸೆರಗಿನ ತುದಿಯನ್ನು ಬತ್ತಿಯ ಹಾಗೆ ಹೊಸೆದು ಮೂಗಿನೊಳಗೆ ತೂರಿಸಿದ್ದಾರೆ! ತಡೆಯುವಷ್ಟರಲ್ಲಿ ಆಗಿಹೋಯಿತು.

"ಆಕ್ಷೀ!"

ಅದು ಸೀನಲ್ಲ, ದೀಪಾವಳಿಯ ಗರ್ನಾಲು. ತೀರ್ಪುಗಾರರೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದರು. ಅವರು ಮತ್ತೆ ಮುಂದಕ್ಕೆ ತಿರುಗುವ ಮೊದಲೇ ಪರದೆಯ ಹಿಂದಿನಿಂದ ವಿಯೋಲಾ ಶುರುವಾಯಿತು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಬಾರಿಸಿರಲಿಲ್ಲ. ಗ್ರೈಂಡರಿನ ಸದ್ದು ಮಾತ್ರ ಗೊತ್ತಿರುವ ನನಗೇ ಅದು ಗೊತ್ತಾಯಿತು.

ಸಂಜೆ ಫೈನಲ್‌ಗೆ ಹೋಗುವವರ ನಂಬರು ಓದಿದರು. ಹನ್ನೊಂದು ಇತ್ತು. ಮಗಳು ಓಡಿ ಬಂದು ನಮ್ಮ ಮೂವರನ್ನೂ ತಬ್ಬಿ, "ಅಪ್ಪಾ, ಪೂರಾ ಆರ್ಕೆಸ್ಟ್ರಾ!" ಎಂದು ಅತ್ತಳು. ನಾವೂ ಅತ್ತೆವು. ಆ ಸಂತೋಷ ಇನ್ನೂ ಗಂಟಲಿಳಿದಿರಲಿಲ್ಲ, ಪಾರ್ಸಿ ಮೇಡಂ ನೆಟ್ಟಗೆ ನಮ್ಮ ಕಡೆಗೇ ನಡೆದು ಬಂದರು.

"ಹನ್ನೊಂದಕ್ಕೆ ಮೊದಲು ಈ ಸಾಲಿನಿಂದ ಒಂದು ಸೀನು ಬಂತು. ಯಾರದು?"

ಸನ್ನೆ ಹೋದರೆ ಹೊರಗೆ ಎಂದಿದ್ದರಲ್ಲ. "ಅಮ್ಮನದು, ಮೇಡಂ. ಧೂಳು... ಅಲರ್ಜಿ," ಎಂದು ತೊದಲಿದೆ.

"ಧೂಳು? ಬೆಳಿಗ್ಗೆ ನಾನೇ ನಿಂತು ಈ ಹಾಲ್ ಗುಡಿಸಿಸಿದ್ದೇನೆ."

ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ, ಆದರೂ ವಿಷಯ ತಿಳಿಯಿತು. ಎದ್ದು ನಿಂತು, ಮೊಮ್ಮಗಳನ್ನು ಹಿಂದಕ್ಕೆ ಸರಿಸಿ, "ಮೈ ಕಿಯಾ. ಬಚ್ಚಿ ಕೋ ಕುಚ್ ಮತ್ ಬೋಲೋ," ಎಂದು ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡರು.

ಮೇಡಂ ಸುತ್ತಮುತ್ತ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೋ ಎಂದು ಒಮ್ಮೆ ನೋಡಿದರು. ಆಮೇಲೆ ಅಮ್ಮನ ಹತ್ತಿರ ಬಂದು ತಮ್ಮ ಮುಷ್ಟಿ ಬಿಡಿಸಿದರು. ಒಳಗೆ ಕರ್ಚೀಫು. ಅದರ ಒಂದು ಮೂಲೆಯನ್ನು ಬತ್ತಿಯ ಹಾಗೆ ಸಣ್ಣಗೆ ಹೊಸೆದಿದ್ದರು.

"ನನ್ನದೂ ತಯಾರಿತ್ತು," ಎಂದರು ಮೇಡಂ. "ನಿಮ್ಮದು ಮೊದಲು ಬಂತು."